ಹಾಡುಹಗಲ ಉಡಿಕೆ

ಮೊನ್ನೆ ನನ್ನ ಗಂಡ ಔಷಧಿ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಮುಂದಿಟ್ಟರು. ಉದ್ದಕ್ಕೆ ಏಳು ಮನೆ, ಒಂದೊಂದು ಮನೆಗೂ ಒಂದು ಮುಚ್ಚಳ, ಮುಚ್ಚಳದ ಮೇಲೆ ವಾರದ ಹೆಸರು. ಹೋದ ವರ್ಷದಿಂದ ನನಗೆ ಬಿಪಿ. ಗುಳಿಗೆ ನುಂಗಿದೆನೋ ಇಲ್ಲವೋ ನೆನಪಿರುವುದಿಲ್ಲ. ನೆನಪಿಲ್ಲವೆಂದು ಒಪ್ಪಿಕೊಳ್ಳುವ ಸ್ವಭಾವವೂ ನನ್ನದಲ್ಲ. "ಎಂಥಾ ಚಲೋ ಸಾಮಾನು ಬಂದಾವ ನೋಡು ಈಗ," ಎಂದು ತಾವೇ ಕಂಡುಹಿಡಿದವರ ಗತ್ತಿನಲ್ಲಿ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಈ ಸಾಮಾನು ಬ್ಯಾಡಗಿಯ ನಮ್ಮ ಮನೆಯಲ್ಲಿ ಯಾವ ಕಾಲಕ್ಕೋ ಇತ್ತು. ಅದೂ ಸ್ಟೀಲಿನದು!

ನೀವೂ ನೋಡಿರುತ್ತೀರಿ, ಒಗ್ಗರಣೆ ಡಬ್ಬಿ. ದುಂಡನೆಯ ದೊಡ್ಡ ಡಬ್ಬಿಯೊಳಗೆ ಏಳು ಸಣ್ಣ ಬಟ್ಟಲು: ಸಾಸಿವೆ, ಜೀರಿಗೆ, ಅರಿಸಿನ, ಹೀಗೆ. ನಮ್ಮ ಅಡಿಗೆಮನೆಯ ಗೋಡೆಯ ಮಾಡದಲ್ಲಿ ಅಂಥವು ಎರಡಿದ್ದವು. ಒಂದರಲ್ಲಿ ಒಗ್ಗರಣೆ ಸಾಮಾನು. ಇನ್ನೊಂದರಲ್ಲಿ ಪಾರತ್ತಿಯ ಗುಳಿಗೆ, ನಡುವಿನ ಬಟ್ಟಲಿನಲ್ಲಿ ಸೋಮವಾರದ್ದು, ಸುತ್ತ ಉಳಿದ ವಾರದವು. ಹೊಸದಾಗಿ ಮನೆಗೆ ಬಂದವರು ಅವಲಕ್ಕಿ ಒಗ್ಗರಣೆ ಹಾಕಲು ಹೋಗಿ ತಪ್ಪು ಡಬ್ಬಿ ತೆಗೆದು ಗಾಬರಿಯಾಗುತ್ತಿದ್ದರು. ಪಾರತ್ತಿ ಆರಾಮಾಗಿ, "ಅದು ನನ್ನ ತಲಿ ಒಗ್ಗರಣಿ ಐತಿ, ಬಾಜೂಕಿನ ಡಬ್ಬಿ ತಗೀರಿ," ಎನ್ನುತ್ತಿದ್ದಳು.

ಪಾರತ್ತಿಯೆಂದರೆ ನಮ್ಮಪ್ಪನ ತಂಗಿ ಪಾರ್ವತಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಹಾಗಾಗಿ ಅತ್ತೆಯೆನ್ನುವುದಕ್ಕಿಂತ ಅಕ್ಕನೆನ್ನುವುದೇ ಸರಿ. ಸೈಕಲ್ ಕಲಿಸಿದವಳು ಅವಳು. ಬೀಳುವುದನ್ನು ಮೊದಲು ಕಲಿಸಿ, ಓಡಿಸುವುದನ್ನು ಆಮೇಲೆ ಕಲಿಸಿದಳು. ಹುಣಸೆಹಣ್ಣಿಗೆ ಉಪ್ಪು ಖಾರ ಬೆಲ್ಲ ಹಾಕಿ ಕುಟ್ಟಿ ಕಡ್ಡಿಗೆ ಮೆತ್ತಿ ಕೊಡುತ್ತಿದ್ದಳು. ಅದನ್ನು ನೆಕ್ಕುತ್ತ ಕಣ್ಣು ಮುಚ್ಚಿದರೆ ಬೇರೆ ಲೋಕ ಬೇಡ. ಅವಳ ಲಗ್ನವಾಗಿ ಬಂಕಾಪುರದ ಕಡೆ ಕೊಟ್ಟಾಗ ನಾನು ಊಟ ಬಿಟ್ಟು ಅತ್ತಿದ್ದೆನಂತೆ. ಬಿಟ್ಟದ್ದು ಊಟ ಮಾತ್ರ, ಲಗ್ನದ ಬೂಂದಿ ಬಿಟ್ಟಿರಲಿಲ್ಲ ಎಂದು ನಮ್ಮವ್ವ ಈಗಲೂ ತಿದ್ದುತ್ತಾಳೆ.

ಕೆಲವು ವರ್ಷದಲ್ಲಿ ಪಾರತ್ತಿಗೆ ನಿದ್ದೆ ಹೋಯಿತು. ನಿದ್ದೆಯಿಲ್ಲದವರು ಸುಸ್ತಾಗುತ್ತಾರೆ, ಅವಳಿಗೆ ಹುರುಪು ಏರಿತು. ಇಡೀ ಓಣಿಗಾಗುವಷ್ಟು ರೊಟ್ಟಿ ಬಡಿದಳಂತೆ, ದಾರಿಯಲ್ಲಿ ಹೋಗುವವರನ್ನು ಕರೆದು ಕಿವಿಯ ಬೆಂಡೋಲೆ ಬಿಚ್ಚಿ ಕೊಟ್ಟಳಂತೆ, ಮಾತು ನಿಲ್ಲಿಸಲೇ ಇಲ್ಲವಂತೆ. ಆಮೇಲೆ ಎಲ್ಲವೂ ಇಳಿದುಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಗಂಡನ ಮನೆಯವರು ಅವಳನ್ನೂ ಅವಳ ಟ್ರಂಕನ್ನೂ ನಮ್ಮ ಕಟ್ಟೆಯ ಮೇಲೆ ಇಳಿಸಿ, ಚಹಾ ಕೂಡ ಕುಡಿಯದೆ ಹೋದರು. ನಮ್ಮ ಕಡೆ ಬೀಗರು ಚಹಾ ಕುಡಿಯದೆ ಹೋದರೆಂದರೆ ಸಂಬಂಧ ಮುಗಿಯಿತೆಂದೇ ಲೆಕ್ಕ. ಕೋರ್ಟಿನ ಬಿಡುಗಡೆ ಆಮೇಲೆ ಬಂತು.

ನಮ್ಮ ಅಜ್ಜ ಅವಳನ್ನು ಧಾರವಾಡಕ್ಕೆ ಕರೆದುಕೊಂಡು ಹೋದ. ಧಾರವಾಡವೆಂದರೆ ಬೇರೆಯವರಿಗೆ ಪೇಢೆ, ಕಾಲೇಜು, ಸಂಗೀತ. ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಯಾರಾದರೂ ಹುಚ್ಚುಚ್ಚಾಗಿ ಆಡಿದರೆ "ನಿನ್ನ ಧಾರವಾಡಕ್ಕ ಕಳಸಬೇಕು ನೋಡು" ಎನ್ನುವುದು ರೂಢಿ. ಅಲ್ಲಿ ಹುಚ್ಚರ ದವಾಖಾನೆ ಇದೆ ಎಂಬುದಷ್ಟೇ ನಮಗೆ ಮುಖ್ಯ. ಹೀಗಾಗಿ ನಮ್ಮ ಮನೆಯಲ್ಲಿ ಆ ಊರಿನ ಹೆಸರೇ ನಿಷೇಧವಾಯಿತು. ಯಾರಾದರೂ ಪೇಢೆ ತಂದರೂ ಎಲ್ಲಿಯದೆಂದು ಕೇಳುವಂತಿರಲಿಲ್ಲ.

ಅಜ್ಜನ ಬಗ್ಗೆ ಎರಡು ಮಾತು ಹೇಳಬೇಕು. ಅಜ್ಜನದು ಮೆಣಸಿನಕಾಯಿ ಅಡತಿ ಅಂಗಡಿ, ಅಂದರೆ ರೈತರ ಮಾಲನ್ನು ದಲಾಲಿಗೆ ಮಾರಿಸಿಕೊಡುವುದು. ಅವನ ಹರೆಯದಲ್ಲಿ ವ್ಯಾಪಾರವೆಲ್ಲ ಟವೆಲ್ಲಿನ ಕೆಳಗೆ ನಡೆಯುತ್ತಿತ್ತಂತೆ: ಕೊಡುವವ, ಕೊಳ್ಳುವವ ಕೈಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಒತ್ತಿ ದರ ಹೇಳಿಕೊಳ್ಳುವುದು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಪೇಟೆಯಲ್ಲಿ ಟೆಂಡರು ಬಂದು ಆ ಪದ್ಧತಿ ಹೋದರೂ ಅಜ್ಜನ ತಲೆಯಿಂದ ಹೋಗಲಿಲ್ಲ. ಮನೆಗೆ ಹೊಸ ಹಂಡೆ ತಂದರೂ ಟವೆಲ್ ಮುಚ್ಚಿಯೇ ತರುತ್ತಿದ್ದ. ಅಂಥವನು ಮಗಳ ಜಡ್ಡನ್ನು ತೆರೆದಿಡುತ್ತಾನೆಯೇ? "ಪಾರಿ ಹುಬ್ಬಳ್ಳಿಗೆ ಟೇಲರಿಂಗ್ ಕಲಿಯಾಕ ಹೋಗ್ಯಾಳ," ಎಂದು ಓಣಿಗೆಲ್ಲ ಹೇಳಿಬಿಟ್ಟ.

ಕೆಲವು ತಿಂಗಳಾದ ಮೇಲೆ ಪಾರತ್ತಿ ತುಸು ಊದಿಕೊಂಡು, ನಿಧಾನ ನಡೆಯುತ್ತ, ಆದರೆ ತನ್ನ ಕಣ್ಣು ತನಗೆ ವಾಪಸು ಬಂದವಳಾಗಿ ಮನೆಗೆ ಮರಳಿದಳು. ಮರುದಿನ ಮುಂಜಾನೆಯೇ ಓಣಿಯ ಹೆಂಗಸರು ಬ್ಲೌಸ್ ಪೀಸು ಹಿಡಿದು ಬಂದರು. ಹುಬ್ಬಳ್ಳಿಯಲ್ಲಿ ಕಲಿತು ಬಂದ ಟೇಲರು! ಅಜ್ಜ ಗಾಬರಿಯಾಗಿ ಅಂಗಡಿಗೆ ಓಡಿದ. ನಮ್ಮವ್ವ "ಈಗ ಆಕಿ ದಣದಾಳ" ಎಂದು ಅಡ್ಡ ನಿಂತಳು. ಪಾರತ್ತಿ ಮಾತ್ರ ಎಲ್ಲ ಪೀಸುಗಳನ್ನೂ ತೆಗೆದುಕೊಂಡು, ಜುಲೇಖಾಬಿಯದನ್ನು ಮೊದಲು ಕತ್ತರಿಸಿದಳು. ಜುಲೇಖಾಬಿ ಎದುರು ಮನೆಯವಳು, ತಾನೇ ಒಳ್ಳೆಯ ಹೊಲಿಗೆಯವಳು. ಹೊಲಿದು ಮುಗಿಸಿದ ಬ್ಲೌಸಿಗೆ ಎರಡು ತೋಳೂ ಎಡಗಡೆಯವೇ ಆಗಿದ್ದವು.

ಅದನ್ನು ಹಿಡಿದುಕೊಂಡು ಪಾರತ್ತಿ ಎದುರು ಮನೆಗೆ ಹೋದಳು. ನಾನೂ ಹಿಂದೆ ಹೋದೆ.

"ಚಾಚಿ, ನಾ ಟೇಲರಿಂಗ್ ಕಲಿಯಾಕ ಹೋಗಿದ್ದಿಲ್ಲ. ಧಾರವಾಡದ ದವಾಖಾನ್ಯಾಗಿದ್ದೆ. ತಲಿ ಕೆಟ್ಟಿತ್ತು."

ಜುಲೇಖಾಬಿ ಬ್ಲೌಸನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡುತ್ತ, "ಗೊತ್ತೈತಿ ಬೇಟಿ. ಇಡೀ ಓಣಿಗೆ ಗೊತ್ತೈತಿ," ಎಂದಳು.

"ಮತ್ತ ಬ್ಲೌಸ್ ಯಾಕ ತಂದ್ರಿ?"

"ಅವರೆಲ್ಲಾ ನಿನ್ನ ಮಾರಿ ನೋಡಾಕ ತಂದಿದ್ರು. ನಾನೂ ಅದಕ್ಕ ತಂದಿದ್ದೆ, ಸುಳ್ಳು ಯಾಕ ಹೇಳ್ಲಿ? ಈಗ ಕುಂದ್ರು. ತೋಳು ಹೆಂಗ ಕತ್ತರಸೋದು ತೋರಸ್ತೇನಿ."

ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ನಾವೊಂದೇ ಮನೆಯವರು ಊರಿನಿಂದ ಮುಚ್ಚಿಡುತ್ತಿದ್ದೆವು. ಆ ದಿನದಿಂದ ಪಾರತ್ತಿ ಮುಚ್ಚುವುದನ್ನು ಬಿಟ್ಟಳು, ಹೊಲಿಗೆ ಹಿಡಿದಳು. ಅಜ್ಜ ಆಡಿದ ಸುಳ್ಳನ್ನು ಖರೇ ಮಾಡಿಬಿಟ್ಟಳು ನಮ್ಮ ಪಾರತ್ತಿ. ಒಂದು ವರ್ಷದೊಳಗೆ ನಮ್ಮ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಕುಳಿತಿತು, ಅದರ ಸದ್ದಿಗೆ ನಾನು ಬಿ.ಎ. ಓದಿದೆ. ಕಡಿಮೆ ಅಂಕ ಬಂದದ್ದಕ್ಕೆ ಆ ಯಂತ್ರವನ್ನೇ ದೂರಿದೆ.

ನಾವಿಬ್ಬರೂ ಆಗಾಗ ರಾಣೆಬೆನ್ನೂರಿಗೆ ನೂಲು, ಗುಂಡಿ, ಅಸ್ತರಿನ ಬಟ್ಟೆ ತರಲು ಹೋಗುತ್ತಿದ್ದೆವು. ಕೆಲಸ ಮುಗಿಸಿ ಮ್ಯಾಟಿನಿ ನೋಡಿ, ಮಿರ್ಚಿ ತಿಂದು, ಬಸ್ಸು ಹಿಡಿಯುವುದು. ಒಮ್ಮೆ ಹೋದ ಸಿನಿಮಾದಲ್ಲಿ ನಾಯಕನಿಗೆ ಹುಚ್ಚು. ಅದೂ ಸಿನಿಮಾದ ಹುಚ್ಚು: ಹರಿದ ಅಂಗಿ, ತಲೆಯ ಮೇಲೆ ಬುಟ್ಟಿ, ಹುಡುಗಿಯ ಹಿಂದೆ ಓಟ. ಟಾಕೀಸು ಬಿದ್ದು ಬಿದ್ದು ನಗುತ್ತಿತ್ತು. ನಾನು ಕುರ್ಚಿಯಲ್ಲಿ ಕುಗ್ಗಿಹೋದೆ, ಪಾರತ್ತಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಕೊನೆಗೆ ನಾಯಕನ ತಲೆಗೆ ಕಂಬ ಬಡಿಯಿತು, ಹುಚ್ಚು ಬಿಟ್ಟಿತು, ಹಾಡು ಶುರುವಾಯಿತು. ಆಗ ಕೇಳಿಸಿತು ಪಕ್ಕದಲ್ಲಿ ಎಲ್ಲರಿಗಿಂತ ಜೋರಾದ ನಗು.

"ತಲಿಗೆ ಪೆಟ್ಟು ಬಿದ್ರ ಅರಾಮ ಆಗೂದಿದ್ರ," ಎಂದಳು ಕಣ್ಣು ಒರೆಸಿಕೊಳ್ಳುತ್ತ, "ನಮ್ಮವ್ವ ಸಣ್ಣಾಕಿದ್ದಾಗ ಕೊಟ್ಟ ಪೆಟ್ಟಿಗೆ ನನಗ ಈ ಜಡ್ಡು ಹತ್ತರ ಸುಳಿಬಾರದಾಗಿತ್ತಲೇ!"

ಮುಂದಿನ ಸಾಲಿನವರು ತಿರುಗಿ ನೋಡಿದರು. ಅವಳು ಅವರಿಗೂ ಅದನ್ನೇ ಇನ್ನೊಮ್ಮೆ ವಿವರಿಸಿದಳು. ಅವತ್ತು ಬಸ್ಸಿನಲ್ಲಿ ಅವಳ ಪಕ್ಕ ಕುಳಿತು ಬರುವಾಗ ನನಗೆ ಬಂದ ಹೆಮ್ಮೆಯನ್ನು ನನ್ನ ಪದವಿ ಪ್ರಮಾಣಪತ್ರವೂ ಆಮೇಲೆ ತರಲಿಲ್ಲ.

ಶೇಖಪ್ಪ ಬಂದದ್ದು ಒಂದು ಹರಿದ ಶಾಮಿಯಾನದ ದೆಸೆಯಿಂದ. ಗುತ್ತಲದವನು. ಲಗ್ನ, ಬಸುರಿಯ ಕುಬುಸ, ಗೃಹಪ್ರವೇಶಗಳಿಗೆ ಶಾಮಿಯಾನ, ಕುರ್ಚಿ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಅವನದು. ಬ್ಯಾಡಗಿಯ ಯಾವುದೋ ಲಗ್ನಕ್ಕೆ ಹಾಕಿದ್ದ ಶಾಮಿಯಾನಕ್ಕೆ ಮೆಣಸಿನಕಾಯಿ ಲಾರಿ ತಾಗಿ ಸೀಳಿಹೋಗಿತ್ತು. ಅಷ್ಟು ದೊಡ್ಡ ಬಟ್ಟೆಯನ್ನು ಯಾವ ಟೇಲರೂ ಮುಟ್ಟಲಿಲ್ಲ. ಪಾರತ್ತಿ "ತರ್ರಿ" ಎಂದಳು. ಅದು ಪಡಸಾಲೆ ತುಂಬಿ, ಅಂಗಳ ತುಂಬಿ, ಜುಲೇಖಾಬಿಯ ಕಟ್ಟೆಯವರೆಗೆ ಹಾಸಿಕೊಂಡಿತು. ಇವಳು ಯಂತ್ರದ ಮುಂದೆ, ಅವನು ಓಣಿಯಲ್ಲಿ ಬಟ್ಟೆಯ ತುದಿ ಹಿಡಿದು. ಇವಳು ಹೊಲಿದಂತೆಲ್ಲ ಅವನು ಒಂದೊಂದೇ ಹೆಜ್ಜೆ ಹತ್ತಿರ ಬರಬೇಕು. ಪ್ರೇಮಕ್ಕೆ ಇದಕ್ಕಿಂತ ಅನುಕೂಲವಾದ ಕೆಲಸವನ್ನು ನಾನು ಇದುವರೆಗೆ ಕಂಡಿಲ್ಲ.

ಮೈಕಿನ ವ್ಯಾಪಾರಿಯಾದರೂ ಅವನ ದನಿ ಬಲು ಸಣ್ಣದು. ಹೆಂಡತಿ ತೀರಿಕೊಂಡ ಮೇಲೆ ಇನ್ನೂ ಸಣ್ಣದಾಯಿತಂತೆ. ಮಾತಾಡಿದರೆ ನಾವೆಲ್ಲ ಕತ್ತು ಮುಂದೆ ಚಾಚಬೇಕು. ಪಾರತ್ತಿಗೆ ಮಾತ್ರ ಯಂತ್ರದ ಸದ್ದಿನಲ್ಲೂ ಕೇಳಿಸುತ್ತಿತ್ತು. ಶಾಮಿಯಾನ ಸರಿಯಾದ ಮೇಲೆ ಕುರ್ಚಿಯ ಗವಸು ಬಂದವು, ಆಮೇಲೆ ಪರದೆ ಬಂದವು. ಹೊಲಿಸಲು ಏನೂ ಉಳಿಯದಾದಾಗ ಅವನು ತನ್ನ ಅಕ್ಕನನ್ನು ಕರೆದುಕೊಂಡು ಬಂದ, ಹೆಣ್ಣು ಕೇಳಲು.

ಆಗ ನಮ್ಮ ಮನೆಯಲ್ಲಿ ಇನ್ನೊಂದು ಕನ್ಯೆಯೂ ಇದ್ದಳು, ಅದು ನಾನು. ನನ್ನನ್ನು ನೋಡಲು ಯಾರಾದರೂ ಬರುವ ದಿನ ಪಾರತ್ತಿಯನ್ನು ಕುಪ್ಪೇಲೂರಿನ ನೆಂಟರ ಮನೆಗೆ ಕಳಿಸುವುದು ಅಜ್ಜನ ಏರ್ಪಾಡು. ಅವಳು ನಗುತ್ತಲೇ ಹೋಗುತ್ತಿದ್ದಳು, ಬರುವಾಗ ಅಲ್ಲಿಂದ ಹೊಸ ಗಿರಾಕಿಗಳನ್ನು ಹಿಡಿದು ತರುತ್ತಿದ್ದಳು. ಆದರೆ ಈಗ ಅವಳನ್ನೇ ನೋಡಲು ಬಂದಿದ್ದರು, ಕಳಿಸುವುದೆಲ್ಲಿಗೆ? ಅಜ್ಜ ಅಡಿಗೆಮನೆಗೆ ಬಂದು ಕೈ ಮುಗಿದ.

"ಪಾರವ್ವ, ಧಾರವಾಡದ ಸುದ್ದಿ ಎತ್ತಬ್ಯಾಡ. ಹುಡುಗಿದೂ ಲಗ್ನ ಆಗಬೇಕೈತಿ. ಆದಮ್ಯಾಲ ನಿಧಾನಕ್ಕ ಹೇಳಿದ್ರಾತು."

"ಅಪ್ಪಾ, ಪ್ಯಾಟಿಗೆ ಚೀಲ ಬಂದ್ರ ನೀ ಮ್ಯಾಲಿನ ಕಾಯಿ ನೋಡಿ ತಗೋತೀಯೇನು?"

"ಇಲ್ಲ. ಸುರುವಿ ನೋಡ್ತೇನಿ."

"ಅವರೂ ಸುರುವಿ ನೋಡ್ಲಿ."

ಚಹಾದ ತಟ್ಟೆಯ ಜೊತೆಗೆ ಗುಳಿಗೆಯ ಡಬ್ಬಿಯನ್ನೂ ತಂದು ಶೇಖಪ್ಪನ ಅಕ್ಕನ ಮುಂದೆ ಇಟ್ಟಳು. ಜಡ್ಡು ಹೇಗೆ ಬಂತು, ಏನೇನು ಮಾಡಿದಳು, ಯಾರು ಬಿಟ್ಟರು, ಎಲ್ಲಿ ವಾಸಿಯಾಯಿತು, ಎಲ್ಲವನ್ನೂ ಹೇಳಿದಳು. "ಇವು ದಿನಾ ತಗೋಬೇಕು. ಜನಮ ಪೂರ್ತಿ ತಗೋಬೇಕಾಗಬಹುದು ಅಂದಾರ," ಎಂದಳು. ಅಜ್ಜ ಮಾಳಿಗೆಯ ತೊಲೆ ನೋಡುತ್ತ ಕುಳಿತಿದ್ದ.

ಆ ಅಕ್ಕ ದಪ್ಪನೆಯ, ದೊಡ್ಡ ಕುಂಕುಮದ ಹೆಂಗಸು. ಎಲ್ಲ ಕೇಳಿ, "ಮತ್ತ ಬಂದ್ರ?" ಎಂದಳು.

"ಬರಬಹುದ್ರಿ ಅಕ್ಕಾರ. ನನ್ನ ನಿದ್ದಿ ಕೆಟ್ಟರ ನೀವು ಲಗೂ ಎಚ್ಚರಾಗಬೇಕು. ಧಾರವಾಡಕ್ಕ ಕರಕೊಂಡು ಹೋದ್ರ ಸರಿ ಮಾಡಿ ಕಳಸ್ತಾರ."

ಅಕ್ಕ ತನ್ನ ಕೈಚೀಲ ತೆಗೆದು ಹುಡುಕಾಡಿದಳು. ಎದ್ದು ಹೋಗಲು ಬಸ್ಸಿನ ಚಿಲ್ಲರೆ ಹುಡುಕುತ್ತಾಳೆಂದು ನಾವು ಅಂದುಕೊಂಡೆವು. ಅವಳು ತೆಗೆದದ್ದು ಸಕ್ಕರೆ ಕಾಯಿಲೆಯ ಗುಳಿಗೆ. "ನನಗೂ ಮುಂಜಾನಿ ಒಂದು, ಸಂಜಿಕ ಒಂದು. ತಗೊಂಡ್ನೋ ಇಲ್ಲೋ ನೆನಪ ಇರಂಗಿಲ್ಲ. ಈ ಡಬ್ಬಿ ಎಲ್ಲಿ ಸಿಕ್ತವಾ?" ಎಂದಳು. ಆಮೇಲೆ ಪಡಸಾಲೆಯಲ್ಲಿ ಗುಳಿಗೆಗಳ ಮಾತೇ ಮಾತು. ಶೇಖಪ್ಪ ಸಣ್ಣ ದನಿಯಲ್ಲಿ ಏನೋ ಹೇಳಿದ. ನಮಗಾರಿಗೂ ಕೇಳಿಸಲಿಲ್ಲ, ಪಾರತ್ತಿಯ ಮುಖ ಮಾತ್ರ ಕೆಂಪಾಯಿತು.

ಇಷ್ಟಾಗಿದ್ದರೆ ನನ್ನ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮುಖ್ಯ ಜಗಳ ಆಮೇಲಿನದು. ಗಂಡ ಸತ್ತವಳಿಗೋ ಬಿಟ್ಟವಳಿಗೋ ಮಾಡುವ ಎರಡನೆಯ ಲಗ್ನಕ್ಕೆ ನಮ್ಮ ಕಡೆ ಉಡಿಕೆ ಎನ್ನುತ್ತಾರೆ. ಅದು ನಡೆಯುವುದು ಕತ್ತಲಾದ ಮೇಲೆ, ಹಿತ್ತಲಿನ ಕೋಣೆಯಲ್ಲಿ. ಬಾಜಾ ಇಲ್ಲ, ಹಂದರವಿಲ್ಲ, ಮುತ್ತೈದೆಯರು ನೋಡುವಂತಿಲ್ಲ. ಸೀರೆ ಉಡಿಸಿ, ತಾಳಿ ಕಟ್ಟಿಸಿ, ಬೆಳಗಾಗುವುದರೊಳಗೆ ಕಳಿಸಿಬಿಡುವುದು. ಅಜ್ಜ ಅದಕ್ಕೂ ಕುಪ್ಪೇಲೂರನ್ನೇ ಗೊತ್ತು ಮಾಡಿದ್ದ.

"ನಾ ಏನ್ ಕಳವು ಮಾಡಿ ಓಡಿ ಹೊಂಟೇನಿ?" ಎಂದಳು ಪಾರತ್ತಿ. "ಹಗಲೊತ್ತಿನ್ಯಾಗ, ಈ ಅಂಗಳದಾಗ ಆಗಬೇಕು. ಹಂದರ ಬೇಕು. ಮೈಕ್ ಬೇಕು."

"ಉಡಿಕಿಗೆ ಮೈಕ್? ಖರೇನ ತಲಿ ಕೆಟ್ಟೈತಿ ನಿನಗ!" ಎಂದುಬಿಟ್ಟ ಅಜ್ಜ.

ಪಾರತ್ತಿ ಅಳಲಿಲ್ಲ. "ಕೆಟ್ಟಿತ್ತಪಾ, ಈಗ ಸರಿ ಐತಿ. ಸರಿ ಇದ್ದದ್ದಕ್ಕ ಕೇಳಾಕತ್ತೇನಿ," ಎಂದಳು. "ಏನರ ಮಾಡ್ಕೋರಿ. ನಾ ಇರಂಗಿಲ್ಲ," ಎಂದು ಅಜ್ಜ ಟವೆಲ್ ಝಾಡಿಸಿ ಹೋದ. ಅಂದಿನಿಂದ ಅವಳ ಜೊತೆ ಮಾತು ಬಿಟ್ಟ. ಅದೇ ವಾರ ರಾಣೆಬೆನ್ನೂರಿನಿಂದ ನನ್ನನ್ನು ನೋಡಲು ಬಂದವರಿಗೆ ನಾನೇ ಪಾರತ್ತಿಯ ವಿಷಯ ಹೇಳಿದೆ. ಉಪ್ಪಿಟ್ಟು ಪೂರ್ತಿ ತಿಂದು, "ತಿಳಸ್ತೇವಿ" ಎಂದು ಹೋದವರು ಇನ್ನೂ ತಿಳಿಸುತ್ತಲೇ ಇದ್ದಾರೆ. ಈಗ ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟ ಮಹನೀಯರು ಆಮೇಲೆ ಬಂದವರು, ಎಲ್ಲ ಕೇಳಿಕೊಂಡೇ ಬಂದವರು.

ಲಗ್ನದ ಹಿಂದಿನ ದಿನ ಪಾರತ್ತಿ ಕುಂಕುಮದ ಬಟ್ಟಲು, ಅಕ್ಷತೆ ಹಿಡಿದು ಪೇಟೆಗೆ ಹೋದಳು. ಹಮಾಲರು, ವ್ಯಾಪಾರಿಗಳು ಎಲ್ಲರೆದುರು ಅಂಗಡಿಯ ಕಟ್ಟೆಯ ಮೇಲೆ ಅಕ್ಷತೆ ಇಟ್ಟು, ಪರವೂರಿನ ಬೀಗರನ್ನು ಕರೆಯುವ ಹಾಗೆ, "ನಾಳೆ ನನ್ನ ಲಗ್ನ ಐತ್ರಿ. ತಪ್ಪದ ಬರಬೇಕು," ಎಂದು ಅಜ್ಜನಿಗೆ ಕೈ ಮುಗಿದಳು. ಅಜ್ಜ ಕಾಯಿಯ ರಾಶಿಯಿಂದ ತಲೆ ಎತ್ತಲಿಲ್ಲ.

ಮರುದಿನ ಅವಳೇ ಹೊಲಿದ ಶಾಮಿಯಾನ ನಮ್ಮ ಅಂಗಳಕ್ಕೆ ಹಂದರವಾಯಿತು. ಮೈಕಿನ ಹಾರ್ನು ಮಾಳಿಗೆಯ ಮೇಲೆ, ಪೇಟೆಯ ಕಡೆ ಮುಖ ಮಾಡಿ. ಜುಲೇಖಾಬಿ ಮದುಮಗಳ ಜರಿಯಂಚಿನ ಬ್ಲೌಸನ್ನು ತಾನೇ ಹೊಲಿದು ತೊಡಿಸಿದ್ದಳು. ಮುತ್ತೈದೆಯರು ಬರುತ್ತಾರೋ ಇಲ್ಲವೋ ಎಂದು ನಮ್ಮವ್ವನಿಗೆ ದಿಗಿಲಿತ್ತು. ಪಾರತ್ತಿ ಹೊಲಿದುಕೊಟ್ಟ ಬ್ಲೌಸುಗಳನ್ನು ತೊಟ್ಟುಕೊಂಡು ಓಣಿಗೆ ಓಣಿಯೇ ಬಂದು ಕುಳಿತಿತು. ಅಜ್ಜ ಮಾತ್ರ ಇರಲಿಲ್ಲ, ಮುಂಜಾನೆಯೇ ಅಂಗಡಿಗೆ ಹೋಗಿದ್ದ.

"ಅಪ್ಪ ಬರಾತನಕ ತಾಳಿ ಬ್ಯಾಡ," ಎಂದಳು ಪಾರತ್ತಿ.

ಶೇಖಪ್ಪ ತಲೆಯಾಡಿಸಿದ. ಉಡಿಕೆಗೆ ಮುಹೂರ್ತವೆಂಬುದಿಲ್ಲ, ಆ ಪದ್ಧತಿಯಲ್ಲಿ ನನಗೆ ಕಂಡ ಒಂದೇ ಲಾಭವೆಂದರೆ ಅದು, ಎಷ್ಟು ಹೊತ್ತು ಬೇಕಾದರೂ ಕಾಯಬಹುದು. ಕಾಯುವ ಹೊತ್ತಿಗೆ ಆಹೇರಿ ಓದುವುದೆಂದು ಮೈಕನ್ನು ನನ್ನ ಕೈಗೆ ಕೊಟ್ಟರು. ಯಾರು ಕೊಡ ಕೊಟ್ಟರು, ಯಾರು ಹರಿವಾಣ ಕೊಟ್ಟರು ಎಂದು ಕೂಗಿದೆ. ಎಲ್ಲ ಮುಗಿದ ಮೇಲೆ ಮೊದಲಿನಿಂದ ಮತ್ತೆ ಕೂಗಿದೆ. ಕೊಟ್ಟವರು ಎರಡನೆಯ ಸಲವೂ ಬೇಸರವಿಲ್ಲದೆ ಕೇಳಿದರು. ಬಿಸಿಲು ನೆತ್ತಿಗೆ ಬಂತು. ಗುತ್ತಲದವರು ಗಡಿಯಾರ ನೋಡತೊಡಗಿದರು. ಪಾರತ್ತಿಯ ಕಣ್ಣು ಬಾಗಿಲು ಬಿಟ್ಟು ಕದಲಲಿಲ್ಲ.

ಆಗ ಅಜ್ಜ ಬಂದ. ಅಂಗಡಿಯಲ್ಲಿ ಏನಾಯಿತು, ಯಾರು ಏನೆಂದರು, ಕೊನೆಯವರೆಗೂ ಹೇಳಲಿಲ್ಲ. ಮೈತುಂಬ ಕೆಂಪು ಪುಡಿ, ಹಿಂದೆ ಹತ್ತಾರು ಹಮಾಲರು, ನಾಲ್ಕಾರು ವ್ಯಾಪಾರಿಗಳು. ಮಗಳ ಹತ್ತಿರ ಹೋಗಲಿಲ್ಲ. ನೇರವಾಗಿ ನನ್ನ ಬಳಿ ಬಂದು ಮೈಕಿಗೆ ಕೈ ಚಾಚಿದ. ಜನ್ಮದಲ್ಲಿ ಮೈಕು ಹಿಡಿದವನಲ್ಲ, ತಲೆಕೆಳಗಾಗಿ ಹಿಡಿದ. ಮದುಮಗ ತಲೆಗೆ ಸುತ್ತಿದ ಪಟಗಾದಲ್ಲೇ ಎದ್ದು ಬಂದು, ಸರಿಯಾಗಿ ಹಿಡಿಸಿ, ಬಾಯಿಗೆ ಎಷ್ಟು ದೂರವಿರಬೇಕೆಂದು ತೋರಿಸಿ, ಹೋಗಿ ಕುಳಿತ.

"ನಾ ಅಡತಿ ಅಂಗಡಿ ಚನ್ನಬಸಪ್ಪ ಮಾತಾಡಾಕತ್ತೇನಿ," ಎಂದಿತು ಹಾರ್ನು. "ನನ್ನ ಮಗಳು ಪಾರವ್ವಗ ಜಡ್ಡಾಗಿತ್ತು. ನಾನ ಧಾರವಾಡಕ್ಕ ಕರಕೊಂಡು ಹೋಗಿದ್ದೆ. ಅರಾಮ ಆಗ್ಯಾಳ. ಇವತ್ತು ಆಕಿ ಲಗ್ನ ಐತಿ. ಪ್ಯಾಟ್ಯಾಗಿದ್ದವರು, ಓಣ್ಯಾಗಿದ್ದವರು, ಎಲ್ಲಾರೂ ಊಟಕ್ಕ ಬರ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ, ನಮ್ಮಲ್ಲಿ ಆ ರೂಢಿಯಿಲ್ಲ. ಜುಲೇಖಾಬಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಜ್ಜ ಮೈಕನ್ನು ನನ್ನ ಕೈಗೆ ಕೊಟ್ಟು ಮಗಳ ಮುಂದೆ ಹೋಗಿ ನಿಂತ. ನಾನೂ ಅಳುತ್ತ ಅವನ ಹಿಂದೆಯೇ ಹೋಗಿ ನಿಂತಿದ್ದೆ. ಮೈಕು ಆರಿಸುವುದು ಯಾರಿಗೆ ನೆನಪಾಗಬೇಕು?

"ಅಪ್ಪಾ, ಮುಂಜಾನಿಂದ ಏನರ ತಿಂದೀಯೋ ಇಲ್ಲೋ?" ಎಂದಳು ಪಾರತ್ತಿ.

"ನಿನ್ನ ತಾಳಿ ಆಗ್ಲಿ ತಡಿ ನನ್ನವ್ವಾ, ಕೂಡೇ ಉಣ್ಣೂಣು," ಎಂದ ಅಜ್ಜ.

ಅದನ್ನೂ ಇಡೀ ಬ್ಯಾಡಗಿ ಪೇಟೆ ಕೇಳಿತು.